ಗಾಳಿ ನಿಲ್ಲದ ಕಾರು

ಮೊನ್ನೆ ಯಾರೋ ಒಬ್ಬರು ದೊಡ್ಡ ಕಾರೊಂದನ್ನು ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿದರು. ಮುಂದಿನ ಎಡಭಾಗ ಕುಸಿದು, ಬಾಡಿ ಚಕ್ರದ ಮೇಲೆ ಕೂತುಬಿಟ್ಟಿತ್ತು. ಬಾಡಿಯನ್ನು ಎತ್ತಿ ಹಿಡಿಯುವ ಗಾಳಿಚೀಲ ಎಲ್ಲಿ ಸೋರುತ್ತಿದೆಯೆಂದು ನೋಡಲು ಬಟ್ಟೆ ಸೋಪು ಕಲಸಿ ಬ್ರಷ್ಷಿನಿಂದ ಹಚ್ಚಿದೆ. ಬಿಸಿ ರಬ್ಬರಿನ ಮೇಲೆ ಸೋಪಿನ ನೊರೆ ಬಿದ್ದಾಗ ಒಂದು ವಾಸನೆ ಬರುತ್ತದೆ... ಕೈ ಅಲ್ಲೇ ನಿಂತಿತು. ಇಂಥದೇ ಕಾರಿನಲ್ಲಿ ಓಡಾಡುತ್ತಿದ್ದ ಡಾಕ್ಟರಮ್ಮ ನೆನಪಾದರು.

ಹರಪನಹಳ್ಳಿಯಲ್ಲಿ ಅವರದು ಹೆರಿಗೆ ಆಸ್ಪತ್ರೆ. ವಾರಕ್ಕೊಮ್ಮೆ ಚಿಗಟೇರಿಯಾಚೆಗಿನ ಒಂದು ಸಣ್ಣ ಹಳ್ಳಿಗೆ ಹೋಗಿ, ಒಬ್ಬರ ಮನೆಯ ಪಡಸಾಲೆಯಲ್ಲಿ ಕೂತು ಬಸುರಿಯರನ್ನು ನೋಡುತ್ತಿದ್ದರು. ಆಗ ಆ ರಸ್ತೆಯೆಂದರೆ ಬರೀ ಜಲ್ಲಿ, ಗುಂಡಿ. ಅವರ ಬೆನ್ನುಮೂಳೆಗೆ ಆಪರೇಷನ್ ಆಗಿತ್ತು. ಬೇರೆ ಗಾಡಿಯಲ್ಲಿ ಹೋಗಿಬಂದರೆ ಮರುದಿನ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ. ಅದಕ್ಕೇ ಅವರ ಯಜಮಾನರು ಎಲ್ಲೆಲ್ಲೋ ಹುಡುಕಿ ಆ ಹಳೆಯ ಕಾರು ತಂದಿದ್ದರು. ಕಬ್ಬಿಣದ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುವ ಗಾಡಿ. ಗುಂಡಿಗೆ ಇಳಿದರೂ ಒಳಗೆ ಕೂತವರಿಗೆ ತೇಲಿದ ಹಾಗಿರುತ್ತಿತ್ತು.

ಮೊದಲ ಸಲ ಅದು ಕುಸಿದಾಗ ನಾನು ಸೋಪು ಹಚ್ಚಿ ಹಚ್ಚಿ ಸೋತೆ. ಸೋರುವ ಜಾಗ ಮೇಲೆಲ್ಲೋ ಕಣ್ಣಿಗೆ ಕಾಣದ ಕಡೆ ಇತ್ತು. ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ ಡಾಕ್ಟರಮ್ಮ ಬ್ಯಾಗಿನಿಂದ ಸ್ಟೆತಸ್ಕೋಪ್ ತೆಗೆದು ನನ್ನ ಕೈಗಿತ್ತರು. “ಇದನ್ನ ಇಟ್ಟು ಕೇಳ್ರಿ ಮಿಸ್ತ್ರಿ. ಕೂಸಿನ ಎದಿ ಬಡಿಯೂದು ಕೇಳಿಸ್ತೈತಿ, ಗಾಳಿ ಕೇಳಿಸಂಗಿಲ್ಲೇನು?” ಕೇಳಿಸಿತು, ಚೀಲದ ಮೇಲಿನ ಮಡಿಕೆಯ ಹತ್ತಿರ ಸಣ್ಣಗೆ ಬುಸುಗುಡುತ್ತಿತ್ತು. ಅವತ್ತು ಅವರು ನಕ್ಕ ನಗು... ಗ್ಯಾರೇಜಿನಲ್ಲಿ ಹಾಗೆ ನಕ್ಕವರು ಕಡಿಮೆ.

ತೇಪೆ ಹಾಕಿದ ಚೀಲ ಬಹಳ ದಿನ ಬಾಳಲಿಲ್ಲ. ಹಳೆಯ ಮಾದರಿ, ಹೊಸ ಚೀಲ ಎಲ್ಲೂ ಸಿಗಲಿಲ್ಲ. ಇನ್ನೊಂದು ಗಾಡಿಯಿಂದ ಬಿಚ್ಚಿ ತಂದದ್ದೂ ಒಣಗಿ ಬಿರುಕುಬಿಟ್ಟಿತು. ಒಂದು ದಿನ ಗಂಡ ಹೆಂಡತಿ ಇಬ್ಬರೂ ಬಂದರು.

“ಸಾಕು ಇನ್ನ,” ಎಂದರು ಯಜಮಾನರು. “ಆ ಹೆಣ್ಮಕ್ಕಳನ್ನ ಇಲ್ಲಿಗೇ ಬರಾಕ ಹೇಳು.”

“ತುಂಬಿದ ಬಸುರಿ ಆ ರಸ್ತಿಯಾಗ ಟ್ರ್ಯಾಕ್ಟರ್ ಹತ್ತಿ ಬರಬೇಕೇನು?” ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಕಬ್ಬಿಣದ ಸ್ಪ್ರಿಂಗ್ ಹಾಕಾಕ ಬರ್ತೈತಲ್ರಿ? ಹಾಕಿಬಿಡ್ರಿ,” ಎಂದರು.

“ಬರ್ತೈತ್ರಿ ಅಮ್ಮ. ಆದ್ರ ಬಾಳ ಕುಲುಕ್ತೈತಿ. ನಿಮ್ಮ ಬೆನ್ನು ತಡಿಯಂಗಿಲ್ಲ.”

“ಹಾಕ್ರಿ. ನೋಡೂಣು.”

ಚೀಲಗಳನ್ನು ಬಿಚ್ಚಿ ಸ್ಪ್ರಿಂಗ್ ಕೂರಿಸಿದೆ. ಮೊದಲ ದಿನ ಅವರ ಡ್ರೈವರಿಗೆ ಜ್ವರ ಬಂದಿದ್ದರಿಂದ ನಾನೇ ಗಾಡಿ ಓಡಿಸಿದೆ. ಗುಂಡಿ ಕಂಡಲ್ಲೆಲ್ಲ ಆಮೆಯ ಹಾಗೆ ಇಳಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅವರು ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿದ್ದರು. ಹಳ್ಳಿ ತಲುಪಿದ ಮೇಲೂ ತಕ್ಷಣ ಇಳಿಯಲಿಲ್ಲ. ಇಳಿದಾಗ ಮಾತ್ರ, ಪಡಸಾಲೆಯಲ್ಲಿ ಕಾದಿದ್ದ ಹೆಂಗಸರಿಗೆ ಏನೂ ತಿಳಿಯದಂತೆ ನೆಟ್ಟಗೆ ನಡೆದು ಹೋದರು.

ಸ್ವಲ್ಪ ಹೊತ್ತಿಗೇ ನನ್ನನ್ನು ಕರೆದರು. ಚೊಚ್ಚಲ ಬಸುರಿಯೊಬ್ಬಳು ಗೋಡೆಗೆ ಒರಗಿ ಕೂತಿದ್ದಳು. ಮುಖ, ಕಾಲು ಊದಿಕೊಂಡಿದ್ದವು, ಕಣ್ಣು ಮಂಜು ಅನ್ನುತ್ತಿದ್ದಳು. “ಬಿಪಿ ಬಾಳ ಏರೈತಿ. ಈಕೀನ ಈಗ ಆಸ್ಪತ್ರಿಗೆ ಮುಟ್ಟಿಸಬೇಕು.” ಹುಡುಗಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಅಭ್ಯಾಸದಂತೆ ನಿಧಾನಕ್ಕೆ ಹೊರಟೆ.

“ನನ್ನ ಬೆನ್ನು ನೋಡಬ್ಯಾಡ್ರಿ ಮಿಸ್ತ್ರಿ. ಲಗೂ ಹೊಡೀರಿ.”

ಹೊಡೆದೆ. ಪ್ರತಿ ಗುಂಡಿಗೂ ಹಿಂದಿನಿಂದ ಉಸಿರು ಹಿಡಿದ ಸದ್ದು ಕೇಳುತ್ತಿತ್ತು. ಅದು ಹುಡುಗಿಯದೋ ಅವರದೋ ಗೊತ್ತಾಗಲಿಲ್ಲ. ತಿರುಗಿ ನೋಡುವ ಧೈರ್ಯವೂ ನನಗಿರಲಿಲ್ಲ. ಅವತ್ತು ಸಂಜೆ ಆಕೆಗೆ ಹೆಣ್ಣು ಮಗು ಆಯಿತು, ಇಬ್ಬರೂ ಉಳಿದರು. ಡಾಕ್ಟರಮ್ಮ ಮಾತ್ರ ಅದಾದ ಮೇಲೆ ಎಷ್ಟೋ ದಿನ ಕೋಲು ಹಿಡಿದು ನಡೆದರು.

ಆದರೂ ಹೋಗುವುದನ್ನು ಬಿಡಲಿಲ್ಲ. ನಾನು ಗುಜರಿಯಲ್ಲೆಲ್ಲ ಹುಡುಕಿ ಮೆತ್ತಗಿನ ಸ್ಪ್ರಿಂಗ್ ತಂದು ಹಾಕಿದೆ, ಸೀಟಿನ ಕೆಳಗೆ ದಪ್ಪ ಸ್ಪಂಜು ಹೊಲಿಸಿದೆ. ಪ್ರತಿ ಸಲವೂ “ಈಗ ಪಾಡ ಐತ್ರಿ,” ಅನ್ನುತ್ತಿದ್ದರು. ನಿಜಕ್ಕೂ ಮೊದಲಿಗಿಂತ ವಾಸಿಯಾಗಿತ್ತೋ, ನನ್ನ ಸಮಾಧಾನಕ್ಕೆ ಹೇಳುತ್ತಿದ್ದರೋ... ಕೆಲವು ವರ್ಷಗಳಾದ ಮೇಲೆ ಬೇರೇನೋ ಕಾಯಿಲೆ ಬಂತು. ದಾವಣಗೆರೆಯ ಆಸ್ಪತ್ರೆಗೆ ನೋಡಲು ಹೋದಾಗ ಮೈ ಇಳಿದು ಹೋಗಿತ್ತು. “ಇಲ್ಲಿ ಮಲಗಿ ಬ್ಯಾಸರಾಗೈತಿ,” ಎಂದರು, ಅಷ್ಟೇ. ಆ ಬೇಸಿಗೆಯಲ್ಲೇ ಹೋಗಿಬಿಟ್ಟರು.

ಮೊನ್ನೆಯ ಕಾರಿಗೆ ಹೊಸ ಚೀಲ ಸುಲಭವಾಗಿ ಸಿಕ್ಕಿತು. ಹಾಕಿ ಟ್ರಯಲ್ ನೋಡಲು ಹೊರಟವನು ಯಾಕೋ ಚಿಗಟೇರಿಯ ಕಡೆಗೇ ತಿರುಗಿದೆ. ಈಗ ಹಳ್ಳಿಯವರೆಗೂ ಡಾಂಬರು ಬಿದ್ದಿದೆ. ಚಹಾದಂಗಡಿಯ ಮುಂದೆ ನಿಲ್ಲಿಸಿದಾಗ, ತಲೆಗೂದಲು ನರೆತ ಹೆಂಗಸೊಬ್ಬಳು ಹತ್ತಿರ ಬಂದು ಗಾಡಿಯನ್ನೂ ನನ್ನನ್ನೂ ನೋಡಿದಳು.

“ಡಾಕ್ಟರಮ್ಮನ ಗಾಡಿ ಹೊಡಕಂಡು ಬಂದು ನನ್ನ ಆಸ್ಪತ್ರಿಗೆ ಮುಟ್ಟಿಸಿದ್ದಿರಲ್ಲ, ನೀವಲ್ಲೇನ್ರಿ?”

ಹೌದೆಂದೆ. ಆಕೆ ಬಗ್ಗಿ ಹಿಂದಿನ ಸೀಟಿನ ಕಡೆ ಇಣುಕಿದಳು.

“ನಾವು ದುಡಿಯಾಕ ಮಂಗಳೂರು ಕಡಿ ಹೋಗಿದ್ವಿ, ಈಗೀಗ ಬಂದೀವಿ. ಹೆಂಗದಾರ್ರಿ ಅವರು? ಒಮ್ಮಿ ಕರಕಂಡು ಬರ್ರಿ.”

“ಅವರು ತೀರಿಕೊಂಡು ಬಾಳ ವರ್ಷ ಆತವ್ವ.”

ಆಕೆ ಕಾರಿನ ಬಾಗಿಲ ಮೇಲೆ ಕೈ ಇಟ್ಟುಕೊಂಡು ನಿಂತಳು. ಆಕೆ ಕೈ ತೆಗೆಯುವವರೆಗೂ ನಾನು ಗಾಡಿ ಚಾಲೂ ಮಾಡಲಿಲ್ಲ.