ತವರ ಹೋದ ಪಾತೇಲಿ

ಡೋಣಿಯ ಕಲಾಯಿಗಾರ ಯಮನೂರಸಾಬರ ಬದುಕನ್ನು ದಾಖಲಿಸಲು ಮೂರು ಸಲ ಅವರ ಮನೆಗೆ ಹೋಗಿದ್ದೇನೆ. ತಾಮ್ರದ ಪಾತ್ರೆಗಳ ಒಳಮೈಗೆ ತವರ ಬಳಿದು ಬೆಳ್ಳಗೆ ಮಾಡುವ ಈ ಕಸುಬಿಗಾಗಿ ಅವರು ಡೋಣಿ, ಹಿರೇವಡ್ಡಟ್ಟಿ, ಹಮ್ಮಿಗಿಗಳನ್ನು ನಲವತ್ತು ವರ್ಷ ಸುತ್ತಿದವರು. ಅವರು ಮೂರು ಸಲವೂ ಹೇಳದೆ ಬಿಟ್ಟ ಒಂದು ಸಂಗತಿಯನ್ನು ಪತ್ನಿ ಮೋತಿಬಿ ಮೂರು ಸಲವೂ ಹೇಳಿದರು. ವಿವರಗಳಲ್ಲಿ ವ್ಯತ್ಯಾಸವಿರಲಿಲ್ಲ.

೧೯೫೬ರ ಅಕ್ಟೋಬರ್. ಕಪ್ಪತಗುಡ್ಡದಿಂದ ಇಳಿದ ಕಾಡುಹಂದಿಗಳು ರೈತ ಅಂದಾನಪ್ಪನ ಶೇಂಗಾ ಹೊಲವನ್ನು ಅಗೆಯುತ್ತಿದ್ದವು. ಅವನಲ್ಲಿ ಪರವಾನಗಿಯ ಬಂದೂಕಿತ್ತು, ಗುಂಡು ಎರೆಯುವ ಅಚ್ಚಿತ್ತು, ಹಮ್ಮಿಗಿಯ ಅಂಬಿಗರಿಂದ ತಂದ, ಬಲೆಗೆ ಭಾರಕ್ಕೆಂದು ಕಟ್ಟುವ ಹಳೆಯ ಸೀಸವಿತ್ತು. ಸೀಸ ಕರಗಿಸುವ ಪಾತ್ರೆ ಮಾತ್ರ ಇರಲಿಲ್ಲ. "ಲೋಹದ ಗುಣ ನನಗ ಬಿಡ್ರಿ" ಎಂದು ಯಮನೂರಸಾಬರು ಹೊಣೆ ಹೊತ್ತರು.

ಆಯ್ಕೆಯಲ್ಲಿ ಅವರು ಅವಸರ ಮಾಡಲಿಲ್ಲ. ಮಣ್ಣಿನ ಗಡಿಗೆ ಬಿರಿದೀತು, ತೆಳುತಳದ ತಪ್ಪಲೆ ಸೊಟ್ಟಾದೀತು. ಕಡೆಗೆ ಕಣ್ಣು ನಿಂತದ್ದು ನೆಲುವಿನಲ್ಲಿದ್ದ ತಾಮ್ರದ ಪಾತೇಲಿಯ ಮೇಲೆ: ದಪ್ಪ ತಳ, ಅಗಲ ಬಾಯಿ. ಮೋತಿಬಿಯ ತಾಯಿ ಬಾನುಬಿ ಮದುವೆಯಲ್ಲಿ ಕೊಟ್ಟದ್ದು. ಕಂಠದಲ್ಲಿ ಬಾನುಬಿಯ ಹೆಸರೇ ಕೆತ್ತಿತ್ತು. ಮೋತಿಬಿ ಆಗ ಲಕ್ಷ್ಮೇಶ್ವರದ ತವರಿಗೆ ಹೋಗಿದ್ದರು. ತೇವ ತಗುಲಿದರೆ ಕಾದ ಸೀಸ ಸಿಡಿಯುತ್ತದೆಂದು ಪಾತೇಲಿಯನ್ನು ಬಿಸಿಲಿಗಿಟ್ಟು ಒಣಗಿಸಿದ್ದೂ ಉಂಟು. ಮರೆತದ್ದು ಒಂದನ್ನೇ: ಹಿಂದಿನ ವಾರ ತಾವೇ ಅದಕ್ಕೆ ಕಲಾಯಿ ಮಾಡಿದ್ದರು, ಮತ್ತು ತವರ ಸೀಸಕ್ಕಿಂತ ಮೊದಲೇ ಕರಗುತ್ತದೆ.

ಅಂದಾನಪ್ಪ ಇಣುಕಿ ನೋಡಿದ; ತವರವೂ ಸೀಸವೂ ಕರಗಿ ಒಂದಾಗಿದ್ದವು. "ಸಾಬ, ಏಕೀಕರಣ ನವೆಂಬರದಾಗ ಅಂತಾರ. ನಿನ್ನ ಪಾತೇಲ್ಯಾಗ ಇವತ್ತ ಆತಲ್ಲೊ."

ಗುಂಡುಗಳೇನೋ ಗಟ್ಟಿಯಾಗಿಯೇ ಬಂದವು. ಪಾತೇಲಿಯ ಒಳಗೆ ಮಾತ್ರ ಕೆಂಪು ತಾಮ್ರ, ಕಪ್ಪು ಕಲೆ. ಯಮನೂರಸಾಬರು ಎರಡು ದಿನ ಉಜ್ಜಿ, ನವಸಾಗರದ ಪುಡಿ ಹಾಕಿ ಕಾಸಿ, ಹೊಸ ತವರ ಬಳಿದರು. ಅಷ್ಟು ಒಳ್ಳೆಯ ಕಲಾಯಿಯನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲವಂತೆ. ತೊಡಕಿದ್ದದ್ದು ಬೇರೆ ಕಡೆ: ಸೀಸ ಮುಟ್ಟಿದ ಪಾತ್ರೆ ಮತ್ತೆ ಒಲೆ ಹತ್ತಬಾರದೆಂದು ಮೂರೂರ ಹೆಂಗಸರಿಗೆ ಬುದ್ಧಿ ಹೇಳುತ್ತ ಬಂದವರು ಅವರೇ.

ಮೋತಿಬಿ ಕಿರಿಯ ಸೋದರ ಮುರ್ತುಜಾನನ್ನು ಕರೆದುಕೊಂಡು ಮರಳಿದರು. ಅವನಿಗೆ ಅವ್ವನ ಪಾತೇಲಿಯಲ್ಲೇ ಪಲಾವ್ ಮಾಡಿ ಉಣಿಸಬೇಕೆಂಬ ಆಸೆ ಅವರಿಗೆ.

"ಹೋದ ವಾರದ ಕಲಾಯಿ ಇಷ್ಟ್ಯಾಕ ಹೊಳೀತೈತ್ರಿ?"

"ಮಾಲು ಛಲೋ ಇತ್ತು" ಎಂದರು ಯಮನೂರಸಾಬರು.

ಅಕ್ಕಿ ತೊಳೆದಾಯಿತು, ಪಾತೇಲಿ ಒಲೆ ಏರಿತು, ಎಣ್ಣೆ ಕಾಯತೊಡಗಿತು. ಯಮನೂರಸಾಬರಿಗೆ ಕೂತಿರಲಾಗಲಿಲ್ಲ. ಎದ್ದು ಬಂದು ಪಾತೇಲಿ ಇಳಿಸಿದರು.

"ಮೋತಿ, ತವರ ಹೋತು."

ಮೋತಿಬಿ ತೊಳೆದ ಅಕ್ಕಿಯನ್ನು ಅಲ್ಲೇ ಬಿಟ್ಟು ತಿರುಗಿದರು. "ನಮ್ಮವ್ವಗೇನಾತ್ರಿ?"

"ಅಕಿಗೇನಾಕ್ಕತಿ?" ಎಂದ ಮುರ್ತುಜಾ. "ಮುಂಜಾನಿ ನನ್ನ ಬೈದು ಬಸ್ಸಿಗೆ ಹತ್ತಿಸ್ಯಾಳ."

ಆಮೇಲೆ ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ತಾಯಿ ಸುಖವಾಗಿದ್ದಾಳೆಂಬ ಸಮಾಧಾನದಲ್ಲಿ ಮೋತಿಬಿ ಅರ್ಧ ಸಿಟ್ಟನ್ನು ಬಿಟ್ಟುಕೊಟ್ಟರು. ಉಳಿದರ್ಧವನ್ನು ಇಂದಿಗೂ ಜೋಪಾನ ಮಾಡಿದ್ದಾರೆ. ಅಂದಿನ ಪಲಾವ್ ಮಣ್ಣಿನ ಗಡಿಗೆಯಲ್ಲಾಯಿತು.

ಮುಂದಿನ ಸಂತೆಯಂದು ಯಮನೂರಸಾಬರು ಬೆಟಗೇರಿಯಿಂದ ಸೀಸಕ್ಕೆಂದೇ ದಪ್ಪ ಕಬ್ಬಿಣದ ಕಡಾಯಿ ತಂದರು. ಅದು ಹಿತ್ತಲು ದಾಟಿ ಒಳಗೆ ಬಂದಿಲ್ಲ. ಬಾನುಬಿಯ ಪಾತೇಲಿಗೆ ವರ್ಷಕ್ಕೊಮ್ಮೆ ಕಲಾಯಿ ಆಗುತ್ತದೆ, ಅಡಿಗೆಗಲ್ಲ.

"ಇದರಾಗ ಮಾರಿ ನೋಡ್ಕೋತೀನ್ರಿ" ಎಂದು ಮೋತಿಬಿ ಅದನ್ನು ನನ್ನ ಮುಂದಿಟ್ಟರು. "ಈಗೀಗ ನಮ್ಮವ್ವನಂಗ ಕಾಣಾಕತ್ತೀನಿ. ಒಂಚೂರು ಮಬ್ಬಾತಂದ್ರ ಇವರಿಗೆ ಹೇಳ್ತೀನಿ, ತವರು ಮಾಸೇತಿ, ಏಳ್ರಿ ಅಂತ."