ಗಣಿಯ ಈಜು ಸಮುದ್ರದಲ್ಲಿ ನಡೆಯಲಿಲ್ಲ

ಕಳೆದ ವರ್ಷ ದೀಪಾವಳಿ ರಜೆಯಲ್ಲಿ ನಾನು, ನನ್ನ ಯಜಮಾನರು ಗೋವಾಕ್ಕೆ ಹೋಗಿದ್ದೆವು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯುವ ಸ್ಕೂಬಾ ಕಲಿಯಬೇಕೆಂಬುದು ಅವರ ಬಹುದಿನದ ಆಸೆ. ಶಹಾಬಾದಿನ ಕಲ್ಲುಗಣಿಗಳಲ್ಲಿ ನಿಂತ ನೀರಿನಲ್ಲಿ ಈಜು ಕಲಿತವರು. ಉಸಿರು ಕಟ್ಟಿ ತಳ ಮುಟ್ಟಿ, ಫರ್ಶಿ ಕಲ್ಲಿನ ಚೂರೊಂದನ್ನು ಹಿಡಿದು ಸರ್ರನೆ ಮೇಲೆ ಬರುವುದು ಅಲ್ಲಿನ ಹುಡುಗರ ಪಂದ್ಯ. "ನೀರು ಎಲ್ಲಾ ಕಡೆ ನೀರೇ" ಎಂದು ತರಬೇತುದಾರನಿಗೇ ಪಾಠ ಹೇಳಿದ್ದರು.

ಕೊನೆಯ ದಿನ ಮೂರನೇ ಸಲ ಮುಳುಗಿದಾಗ ಮುಖವಾಡದೊಳಗೆ ನೀರು ನುಗ್ಗಿತು. ನಿಧಾನವಾಗಿ, ನಡುವೆ ತಂಗುತ್ತಾ ಬರಬೇಕೆಂದು ಕಲಿಸಿದ್ದನ್ನೆಲ್ಲ ಮರೆತು, ಗಣಿಯ ಅಭ್ಯಾಸದಂತೆ ಒಂದೇ ಓಟದಲ್ಲಿ ಮೇಲೆ ಬಂದರು. ತರಬೇತುದಾರ ಕೇಳಿದರೆ "ಏನೂ ಆಗಿಲ್ಲ" ಎಂದರು. ಸಂಜೆ ಬಸ್ಸು ಘಟ್ಟ ಏರುವಾಗ ಭುಜ ನೋಯತೊಡಗಿತು.

ಸೇಡಂನ ಮನೆಯಲ್ಲಿ ಅತ್ತೆ, "ವಾಯು ಹಿಡದದ" ಎಂದು ಬಿಸಿ ಎಣ್ಣೆ ತಿಕ್ಕಿದರು. ಅತ್ತೆಗೆ ನೀರೆಂದರೆ ಭಯ. ಅದಕ್ಕೇ ಸಮುದ್ರದ ಸುದ್ದಿ ಎತ್ತಬೇಡವೆಂದು ಇವರು ನನಗೆ ಕಣ್ಣುಸನ್ನೆ ಮಾಡಿದರು. ಆದರೆ ಅಂಗಳಕ್ಕೆ ಹೊರಟಾಗ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿದದ್ದು ಇವರಿಗೆ ತಿಳಿಯಲೇ ಇಲ್ಲ. ನಾನು ಆ ಪಾದ ಚಿವುಟಿದೆ. "ಏನೂ ಗೊತ್ತಾಗವಲ್ದು" ಎಂದರು. ಆಗಲೇ ಅತ್ತೆಯನ್ನೂ ಕರೆದುಕೊಂಡು ಊರಿನ ಡಾಕ್ಟರ ಹತ್ತಿರ ಹೊರಡಿಸಿದೆ.

ಡಾಕ್ಟರ ಮುಂದೆಯೂ ಇವರದು ಅದೇ ರಾಗ. "ಭಾರದ ಬ್ಯಾಗ್ ಎತ್ತಿದ್ದೆರಿ." ಅತ್ತೆ ಪಕ್ಕದಲ್ಲೇ ಇದ್ದರು. ಆದದ್ದಾಗಲಿ ಎಂದು ನಾನೇ ಬಾಯಿಬಿಟ್ಟೆ. "ಸುಳ್ಳು ಹೇಳ್ಲಿಕತ್ತಾರ್ರಿ. ಸಿಲಿಂಡರ್ ಕಟ್ಕೊಂಡು ಸಮುದ್ರದಾಗ ಮುಳುಗಿ, ಗಣಿಯಾಗ ಬರೋ ಹಂಗ ಒಮ್ಮೆಲೇ ಮ್ಯಾಲ ಬಂದಾರ."

ಡಾಕ್ಟರು ತಕ್ಷಣ ಆಕ್ಸಿಜನ್ ಹಚ್ಚಿಸಿದರು. "ಆಳದಾಗ ಒತ್ತಡ ಭಾಳ. ಉಸಿರಾಡೋ ಗಾಳ್ಯಾಗಿನ ನೈಟ್ರೋಜನ್ ಮೈಯಾಗ ಕರಗ್ತದ. ನಿಧಾನ ಬಂದ್ರ ಉಸಿರಿನ ಜೋಡಿ ಹೋಗ್ತದ. ಒಮ್ಮೆಲೇ ಬಂದ್ರ ಸೋಡಾ ಬಾಟ್ಲಿ ತೆರದಂಗ ಗುಳ್ಳಿ ಏಳ್ತಾವ. ಗಣಿಯಾಗ ಒಂದೇ ಉಸಿರು ಹಿಡದು ಮುಳಗೋದು, ಅದಕ್ಕ ನಡೀತು. ಈಗ ತಡಾ ಮಾಡಿದ್ರ ಕಾಲು ಹೋಗಬಹುದು. ಹೈದರಾಬಾದಿಗೆ ಹೊಂಡ್ರಿ."

ಅಲ್ಲಿ ಅವರನ್ನು ಉಕ್ಕಿನ ಕೋಣೆಯೊಳಗೆ ಮಲಗಿಸಿ, ಒತ್ತಡ ಏರಿಸಿ, ಆಕ್ಸಿಜನ್ ಕೊಡುತ್ತಾ ಆ ಒತ್ತಡವನ್ನು ಮೆಲ್ಲಗೆ ಇಳಿಸಿದರು. ಹೊರಗೆ ಅತ್ತೆ ಮಗನನ್ನು ಒಂದು ಮಾತೂ ಬೈಯದೆ ಕೊರಳ ಲಿಂಗ ಹಿಡಿದು ಕುಳಿತಿದ್ದರು. ಬಾಗಿಲು ತೆರೆದದ್ದೇ ಹೋಗಿ ಮಗನ ಎಡಪಾದ ಹಿಡಿದರು.

"ಯವ್ವಾ, ನಿನ್ನ ಕೈ ಭಾಳ ತಣ್ಣಗದ" ಎಂದರು ಇವರು.

ಅತ್ತೆ ಅತ್ತರು. ಆಮೇಲೆ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಅಲ್ಲೇ ಬೈದರು. ನನಗೆ ಅದು ಮಂಗಳಾರತಿಯಷ್ಟೇ ಹಿತವಾಗಿ ಕೇಳಿಸಿತು.

ಇವರಿಗೆ ನಿದ್ದೆಯಲ್ಲಿ ಒದೆಯುವ ಚಾಳಿಯಿದೆ. ಮೊದಲೆಲ್ಲ ಜಗಳ ತೆಗೆಯುತ್ತಿದ್ದೆ. ಈಗ ಒದೆ ಬಿದ್ದರೆ ಎಚ್ಚರಾಗುತ್ತದೆ, ಅದು ಎಡಗಾಲೇ ಎಂದು ನೋಡಿಕೊಂಡು ನಿಶ್ಚಿಂತೆಯಿಂದ ಮಗ್ಗುಲು ಬದಲಿಸುತ್ತೇನೆ.