ಟ್ರಂಪೆಟ್ ಮೇಷ್ಟ್ರ ಕೊನೆಯ ಆಸೆ

ಹೋದ ಶುಕ್ರವಾರ ಒಬ್ಬ ಹೆಣ್ಣುಮಗಳಿಗೆ, ಅವಳ ಅಪ್ಪ ತೀರಿಹೋದ ಮರುದಿನವೇ, ಫೋನಿನಲ್ಲಿ ಸುಳ್ಳು ಹೇಳಿದೆ. ‘ಅನಘಾಗೆ ಜ್ವರ. ಬರೋಕಾಗಲ್ಲ, ಸಾರಿ.’

ಅನಘಾ ನನ್ನ ಮಗಳು, ಹದಿನಾಲ್ಕು ವರ್ಷ. ಜ್ವರವೂ ಇಲ್ಲ, ನೆಗಡಿಯೂ ಇಲ್ಲ. ಪಕ್ಕದ ರೂಮಿನಲ್ಲಿ ಟ್ರಂಪೆಟ್ ಪ್ರಾಕ್ಟೀಸ್ ಮಾಡುತ್ತಿದ್ದಳು. (ಫೋನಿನಲ್ಲಿ ಕೇಳಿಸಿತೋ ಏನೋ!)

ತೀರಿಹೋದವರು ಅವಳ ಮೇಷ್ಟ್ರು ವಾಲ್ಟರ್. ಪ್ಲೇನ್ಸ್‌ಬರೋದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯವರು. ಹರೆಯದಲ್ಲಿ ನೇವಿ ಹಡಗಿನ ಬ್ಯಾಂಡು, ಆಮೇಲೆ ಮೂವತ್ತು ವರ್ಷ ಆರ್ಕೆಸ್ಟ್ರಾ. ನೆರವು ಕೊಡುತ್ತಿದ್ದ ಬ್ಯಾಂಕು ಮುಳುಗಿ ಆರ್ಕೆಸ್ಟ್ರಾ ಬಾಗಿಲು ಹಾಕಿತು. ಅದೇ ತಿಂಗಳು ನನ್ನ ಕೆಲಸವೂ ಹೋಯಿತು. ಅನಘಾಳ ಕ್ಲಾಸ್ ಬಿಡಿಸುತ್ತೇನೆ ಅಂದರೆ ವಾಲ್ಟರ್ ಬೈದರು. ‘ಲೇ ಆಫ್ ಆಗಿದ್ದು ನಿನಗೆ, ಅವಳಿಗಲ್ಲ.’ ಆಮೇಲೆ ಫೀಸ್ ಮುಟ್ಟಲೇ ಇಲ್ಲ.

ಕೇಳಿದ್ದು ಒಂದೇ. ಈ ದೇಶದಲ್ಲಿ ನೇವಿಯವರು ಸತ್ತರೆ ಸಮಾಧಿಯ ಬಳಿ ಬ್ಯೂಗಲ್ ಊದುತ್ತಾರೆ. ಒಂದು ನಿಮಿಷದ ಟ್ಯೂನ್. ಈಗ ಊದುವವರು ಸಾಲದೆ ಬ್ಯೂಗಲ್ ಒಳಗೆ ರೆಕಾರ್ಡಿಂಗ್ ಇಟ್ಟು ಕಳಿಸುವುದೂ ಉಂಟು. ತುಟಿಗೆ ಹಿಡಿದು ನಿಂತರೆ ಸಾಕು, ಅದೇ ಹಾಡುತ್ತದೆ. ವಾಲ್ಟರ್‌ಗೆ ಅದನ್ನು ಕಂಡರಾಗದು. ‘ನನಗೆ ಅನಘಾ ಊದಲಿ. ತಪ್ಪಿದರೂ ಪರವಾಗಿಲ್ಲ, ಉಸಿರಿರಲಿ’ ಎಂದಿದ್ದರು. ನಾನು ತಲೆಯಾಡಿಸಿದ್ದೆ.

ತಲೆಯಾಡಿಸುವುದಕ್ಕೇನು ಖರ್ಚು?

ವಾಲ್ಟರ್ ಮಗಳ ಫೋನ್ ಬಂದಾಗ ನನ್ನ ತಲೆ ತುಂಬ ಮಂಗಳವಾರದ ಇಂಟರ್‌ವ್ಯೂ. ಏಳು ತಿಂಗಳಲ್ಲಿ ಮೊದಲನೆಯದು. ಅಂತ್ಯಕ್ರಿಯೆ ಸೋಮವಾರ. ಅಂಥ ಹೊತ್ತಿನಲ್ಲಿ ಮನೆಮಗಳನ್ನು ಸ್ಮಶಾನಕ್ಕೆ ಕಳಿಸಿ ತುತ್ತೂರಿ ಊದಿಸುವುದೇ? ಅಪಶಕುನ ಅಂತ ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಜ್ವರ. ಮಗಳಿಗೆ ಮಾತ್ರ ‘ನೇವಿಯವರೇ ಊದ್ತಾರಂತೆ ಪುಟ್ಟಾ’ ಅಂದೆ. ‘ಓಕೆ’ ಎಂದು ಟ್ರಂಪೆಟ್ಟನ್ನು ಪೆಟ್ಟಿಗೆಗೆ ಹಾಕಿದಳು. ಬೈಯಿರಿ ನನ್ನನ್ನು.

ನಾನೊಬ್ಬನೇ ಹೋದೆ, ಬಂದು ತಲೆಗೆ ಸ್ನಾನ ಮಾಡಿದರಾಯಿತು ಅಂದುಕೊಂಡು. ಯೂನಿಫಾರ್ಮ್ ತೊಟ್ಟ ಸೈನಿಕ ಬ್ಯೂಗಲ್ ಎತ್ತಿದ. ಕೆನ್ನೆ ಉಬ್ಬಲಿಲ್ಲ, ಕತ್ತಿನ ನರ ಬಿಗಿಯಲಿಲ್ಲ. ಒಂದು ಸ್ವರವೂ ತಪ್ಪಲಿಲ್ಲ.

ವಾಲ್ಟರ್ ಮಗಳು ನನ್ನ ಕೈ ಹಿಡಿದು ಕೇಳಿದ್ದು, ‘ಅನಘಾ ಈಗ ಹೇಗಿದ್ದಾಳೆ?’ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಇಂಟರ್‌ವ್ಯೂ? ಹೈರಿಂಗ್ ಫ್ರೀಜ್, ಸದ್ಯಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಅಂತ ಸೋಮವಾರ ಸಂಜೆಯೇ ಈಮೇಲ್ ಬಂತು. ಕೆಲಸ ಸಿಕ್ಕಿದ್ದರೂ ಆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಬಿಡಿ.

‘ವಾಸ್ ಇಟ್ ಗುಡ್, ಅಪ್ಪ?’ ನೇವಿಯವರು ಊದಿದ್ದರ ಬಗ್ಗೆ ಅನಘಾ ನಿನ್ನೆಯೂ ಕೇಳಿದಳು. ನಾನು ಟಿವಿ ನೋಡುತ್ತಿರುವಂತೆ ಕೂತೆ.

ಕೆಲಸ ಹೋದದ್ದನ್ನು ಅವಳಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಇದನ್ನು ಹೇಳಲು ಎಷ್ಟು ವರ್ಷ ಬೇಕು?